ಜಾಣ ಮಗು, ಆದರೂ ಓದು ಕಷ್ಟ: ಪೋಷಕರು ಮತ್ತು ಮೇಷ್ಟ್ರುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಾಲೆಯಿಂದ ಶಾಲೆಗೆ ಹೋಗಿ, ಕಲಿಕೆಯಲ್ಲಿ ತೊಂದರೆ ಇರುವ ಮಕ್ಕಳ ಜೊತೆ ಕೂತು ಕೆಲಸ ಮಾಡುವ ಟೀಚರ್. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಕಾದು ನಿಲ್ಲುವ ಅಪ್ಪ ಅಮ್ಮಂದಿರು, ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಾ ಮೇಷ್ಟ್ರುಗಳು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಸಂಶೋಧನೆ ಏನು ಹೇಳುತ್ತದೆ, ನಮ್ಮಲ್ಲಿ ಏನು ಸಿಗುತ್ತದೆ, ನಾನು ಕಂಡಿದ್ದೇನು ಅನ್ನುವುದನ್ನೆಲ್ಲ ಸೇರಿಸಿ ಉತ್ತರ ಬರೆದಿದ್ದೇನೆ.

ಕಲಿಕೆಯಲ್ಲಿ ಹಿಂದಿರುವ ಮಕ್ಕಳು ಒಂದು ಕಡೆ, ತುಂಬಾ ಪ್ರತಿಭೆ ಇರುವ ಮಕ್ಕಳು ಇನ್ನೊಂದು ಕಡೆ. ಇಬ್ಬರ ವಿಷಯ ಒಟ್ಟಿಗೆ ಯಾಕೆ ಮಾತಾಡುತ್ತೀರಿ?

ಎಷ್ಟೋ ಸಲ ಅದು ಒಂದೇ ಮಗು ಆಗಿರುತ್ತದೆ. ಅದಕ್ಕೇ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ನಾಲ್ಕನೇ ಕ್ಲಾಸು. ಅವರಪ್ಪ ಊರಿನ ಡೈರಿಗೆ ಹಾಲು ಹಾಕುತ್ತಾರೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ. ಬೆಳಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಲೀಟರಿಗೆ ಏನು ರೇಟು, ಹಿಂಡಿ ಮೂಟೆಗೆ ಹಿಡಿದುಕೊಂಡದ್ದು ಎಷ್ಟು, ಎಲ್ಲವನ್ನೂ ಬಾಯಲ್ಲೇ ಲೆಕ್ಕ ಹಾಕಿ ಕೈಗೆ ಬರಬೇಕಾದ ದುಡ್ಡು ಹೇಳಿಬಿಡುತ್ತಿದ್ದ. ಒಂದು ಸಲ ಚೀಟಿಯ ಮೊತ್ತದಲ್ಲಿದ್ದ ತಪ್ಪನ್ನೂ ಹಿಡಿದಿದ್ದನಂತೆ. ಅದೇ ಚೀಟಿಯ ತಲೆಯ ಮೇಲೆ ‘ಹಾಲು ಉತ್ಪಾದಕರ’ ಅಂತ ಅಚ್ಚಾಗಿದೆ. ಓದು ಅಂದೆ. ‘ಹಾಲು’ ಓದಿದ. ಆಮೇಲೆ ಬೆರಳಿಟ್ಟು ‘ಉ... ತ...’ ಅಂತ ನಿಂತುಬಿಟ್ಟ. ಕಿವಿ ಕೆಂಪಾಯಿತು. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡ. ತರಗತಿಯಲ್ಲಿ ಅವನನ್ನು ಕೂರಿಸುತ್ತಿದ್ದದ್ದು ಕೊನೆಯ ಸಾಲಿನಲ್ಲಿ, ‘ಬರದವರ’ ಜೊತೆ.

ಇದು ಹೊಸ ಕತೆಯಲ್ಲ. 1896ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಪ್ರಿಂಗಲ್ ಮಾರ್ಗನ್ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದರು. ಆ ಹುಡುಗ ತನ್ನ ಹೆಸರನ್ನೇ ಅಕ್ಷರ ಅದಲುಬದಲು ಮಾಡಿ ‘ಪ್ರೆಸಿ’ ಅಂತ ಬರೆದಿದ್ದ. ಒಂದಕ್ಕಿಂತ ಹೆಚ್ಚು ಸಲ ತೋರಿಸುವವರೆಗೆ ತಪ್ಪಾಗಿದೆ ಅಂತ ಅವನಿಗೆ ಗೊತ್ತೇ ಆಗಿರಲಿಲ್ಲ. ಆದರೆ 749ನ್ನು 867ರಿಂದ ಗುಣಿಸು ಅಂದರೆ ಬೇಗನೆ, ಸರಿಯಾಗಿ ಗುಣಿಸಿದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಇಡೀ ಶಾಲೆಗೆ ಇವನೇ ಜಾಣನಾಗಿರುತ್ತಿದ್ದ ಅಂತ ಅವನ ಮೇಷ್ಟ್ರು ಹೇಳಿದ್ದರು. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಇದ್ದೂ ಓದು ಬರಹ ಸಲೀಸಾಗಿ ಹತ್ತದ ತೊಂದರೆ, ಅದರ ಬಗ್ಗೆ ಬಂದ ಮೊದಮೊದಲ ವರದಿಗಳಲ್ಲಿ ಇದೂ ಒಂದು. ಅದರಲ್ಲೇ ಕಷ್ಟವೂ ಪ್ರತಿಭೆಯೂ ಒಂದೇ ಹುಡುಗನಲ್ಲಿ ಕೂತಿವೆ ನೋಡಿ.

ಇಂಥ ಮಕ್ಕಳಿಗೆ ಸಂಶೋಧಕರು ‘ಟ್ವೈಸ್ ಎಕ್ಸೆಪ್ಷನಲ್’ ಅನ್ನುತ್ತಾರೆ. ಎರಡು ಬಗೆಯಲ್ಲೂ ಬೇರೆಯವರಿಗಿಂತ ಭಿನ್ನ ಅಂತ. ಇವರು ನಮ್ಮ ಕಣ್ಣು ತಪ್ಪಿಸುವುದು ಹೇಗೆ ಅಂತಲೂ ಅವರು ತೋರಿಸಿದ್ದಾರೆ. ಕೆಲವರಲ್ಲಿ ಜಾಣತನ ಕಷ್ಟವನ್ನು ಮುಚ್ಚಿಡುತ್ತದೆ: ಮಗು ಚಿತ್ರ ನೋಡಿ, ಊಹೆ ಮಾಡಿ, ಬಾಯಿಪಾಠ ಮಾಡಿ ಹೇಗೋ ದಾಟಿಕೊಳ್ಳುತ್ತದೆ. ಕೆಲವರಲ್ಲಿ ಕಷ್ಟವೇ ಎದ್ದು ಕಂಡು ಜಾಣತನ ಮರೆಯಾಗುತ್ತದೆ. ಇನ್ನು ಕೆಲವರಲ್ಲಿ ಎರಡೂ ಒಂದನ್ನೊಂದು ಮುಚ್ಚಿ, ಮಗು ಸಾಧಾರಣ ಅಂತ ಕಾಣುತ್ತದೆ. ಈ ಕೊನೆಯವರ ಬಗ್ಗೆ ನನಗೆ ಜಾಸ್ತಿ ಚಿಂತೆ. ಫೇಲ್ ಆಗಲ್ಲ, ಗಲಾಟೆ ಮಾಡಲ್ಲ. ಯಾರೂ ಇವರನ್ನು ಕೇಳುವುದಿಲ್ಲ.

ಮಾತಾಡೋದರಲ್ಲಿ ಚುರುಕು, ಓದಲು ಕೂತರೆ ಮಾತ್ರ ಆಕಳಿಕೆ. ಇದು ಸೋಮಾರಿತನ ಅಲ್ವಾ?

ಅಲ್ಲ. ನಾನು ಕಂಡ ಹೆಚ್ಚಿನ ಮಕ್ಕಳಲ್ಲಿ ಸೋಮಾರಿತನ ಮೊದಲು ಬಂದದ್ದಲ್ಲ, ಸೋತು ಸೋತು ಆಮೇಲೆ ಬಂದದ್ದು. ದಿನಾ ನಾಲ್ಕು ಜನರ ಮುಂದೆ ತಡವರಿಸಬೇಕಾದ ಕೆಲಸವನ್ನು ನೀವಾದರೂ ಮುಂದೂಡುತ್ತಿದ್ದಿರಿ ತಾನೇ?

ಡಿಸ್ಲೆಕ್ಸಿಯಾಕ್ಕೂ ಬುದ್ಧಿಮಟ್ಟಕ್ಕೂ ಸಂಬಂಧವಿಲ್ಲ. ಅಕ್ಷರವನ್ನು ಶಬ್ದಕ್ಕೆ, ಶಬ್ದವನ್ನು ಅಕ್ಷರಕ್ಕೆ ಥಟ್ಟನೆ ಜೋಡಿಸುವ ಕೆಲಸ ಈ ಮಕ್ಕಳ ಮೆದುಳಿಗೆ ಸಲೀಸಾಗಿ ಬರುವುದಿಲ್ಲ. ಇದು ಮನೆತನದಲ್ಲಿ ಹರಿದು ಬರುವುದು ಜಾಸ್ತಿ. ಎಷ್ಟೋ ಅಪ್ಪಂದಿರು ನನ್ನ ಮಾತು ಕೇಳುತ್ತಾ ಕೇಳುತ್ತಾ, ‘ಟೀಚರ್, ನಂಗೂ ಹೀಗೇ ಆಗ್ತಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟುಬಿಟ್ಟೆ’ ಅಂದಿದ್ದಾರೆ.

ಒಂದು ಮುಖ್ಯವಾದ ಮಾತು. ಮೊದಲು ಕಣ್ಣು, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿ. ಬೋರ್ಡು ಕಾಣದ ಮಗುವಿಗೆ, ಒಂದು ಕಿವಿ ಮಂದವಿರುವ ಮಗುವಿಗೆ ಡಿಸ್ಲೆಕ್ಸಿಯಾ ಅಂತ ಹೆಸರಿಟ್ಟು ವರ್ಷಗಟ್ಟಲೆ ಅಲೆದವರು ಇದ್ದಾರೆ.

ಡಿಸ್ಲೆಕ್ಸಿಯಾ ಇಂಗ್ಲಿಷಿಗೆ ಮಾತ್ರ, ಬರೆದ ಹಾಗೇ ಓದುವ ಕನ್ನಡದಲ್ಲಿ ಅದು ಬರಲ್ಲ ಅಂತಾರೆ. ನಿಜವಾ?

ನಿಜವಲ್ಲ. ಆದರೆ ಕನ್ನಡದಲ್ಲಿ ಅದು ಬೇರೆ ವೇಷದಲ್ಲಿ ಬರುತ್ತದೆ. ಅದಕ್ಕೇ ನಮಗೆ ಗುರುತು ಸಿಗುವುದಿಲ್ಲ.

ಇಂಗ್ಲಿಷಿನಲ್ಲಿ ಮಗು ಕಲಿಯಬೇಕಾದ ಅಕ್ಷರ 26, ಆದರೆ ಸ್ಪೆಲಿಂಗಿಗೆ ನಿಯಮವೇ ಇಲ್ಲವೇನೋ ಅನ್ನುವಷ್ಟು ಗೊಂದಲ. ಕನ್ನಡದಲ್ಲಿ ಗೊಂದಲ ಕಡಿಮೆ, ಕಲಿಯಬೇಕಾದದ್ದು ಬಹಳ. ವರ್ಣಮಾಲೆಯಲ್ಲಿ 49 ಅಂತ ಹೇಳಿಬಿಡುತ್ತೇವೆ. ಆದರೆ 34 ವ್ಯಂಜನಕ್ಕೆ ಕಾಗುಣಿತ ಹಾಕಿದರೆ ನಾಲ್ಕು ನೂರು ದಾಟುತ್ತದೆ. ಅದರ ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಬಗ್ಗೆ ಬೆಂಗಳೂರಿನಲ್ಲಿ ಸಂಶೋಧನೆ ಮಾಡಿದ ಸೊನಾಲಿ ನಾಗ್ ಅವರ ಕೆಲಸ 2007ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಮಕ್ಕಳು ಅಕ್ಷರ ಗುರುತಿಸುವುದನ್ನು ಒಂದೆರಡು ವರ್ಷದಲ್ಲಿ ಮುಗಿಸಿದರೆ, ಕನ್ನಡದ ಮಕ್ಕಳಿಗೆ ಅದು ನಾಲ್ಕನೇ ತರಗತಿಯವರೆಗೂ ನಡೆಯುವ ಕೆಲಸ ಅಂತ ಅದರಲ್ಲಿ ಕಂಡುಬಂತು. ಅಂದರೆ ಎರಡನೇ ಕ್ಲಾಸಿನ ಮಗುವಿಗೆ ಒತ್ತಕ್ಷರ ತಡವರಿಸಿದರೆ ಅದು ರೋಗವೇನಲ್ಲ. ಎಲ್ಲ ಮಕ್ಕಳೂ ನಡೆಯುವ ದಾರಿಯೇ ಉದ್ದ.

‘ಶಕ್ತಿ’ ಅನ್ನುವ ಪದವನ್ನೇ ಒಂದು ಕ್ಷಣ ದಿಟ್ಟಿಸಿ ನೋಡಿ. ಕಿವಿಗೆ ಕೇಳುವುದು ಕ್, ತ್, ಆಮೇಲೆ ಇ. ಆದರೆ ಗುಡಿಸು ಎಲ್ಲಿದೆ? ಮೇಲಿರುವ ಕಕಾರಕ್ಕೆ. ತಕಾರ ಕೆಳಗೆ ಒತ್ತಾಗಿ ಕೂತಿದೆ. ಕಣ್ಣಿಗೆ ಕಾಣುವ ಕ್ರಮ ಒಂದು, ನಾಲಿಗೆ ಹೇಳಬೇಕಾದ ಕ್ರಮ ಇನ್ನೊಂದು. ಹಾಗಾಗಿ ಮಗು ‘ಶಕಿತ’ ಅಂತ ಓದುತ್ತದೆ. ತಪ್ಪು ಓದಿತು ಅಂತ ನಾವು ಗದರುತ್ತೇವೆ. ಪಾಪ, ಅದು ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಓದಿದೆ.

ಹಾಗಾದರೆ ತೊಂದರೆ ಅಂತ ಯಾವಾಗ ಅನುಮಾನ ಪಡಬೇಕು? ಉಳಿದ ಮಕ್ಕಳು ದಾಟಿ ಹೋದ ಮೇಲೂ, ಒಳ್ಳೆಯ ಪಾಠ ಸಿಕ್ಕಿದ ಮೇಲೂ ಈ ಮಗು ಅಲ್ಲೇ ನಿಂತಿದ್ದರೆ. ಹ್ರಸ್ವ ದೀರ್ಘ ಪದೇ ಪದೇ ತಪ್ಪಿದರೆ. ನಿನ್ನೆ ಓದಿದ ಪದ ಇವತ್ತು ಹೊಸದಾಗಿ ಕಂಡರೆ. ಎಲ್ಲಕ್ಕಿಂತ ಹೆಚ್ಚಾಗಿ, ಓದು ಸರಿ ಇದ್ದರೂ ತುಂಬಾ ನಿಧಾನವಾಗಿದ್ದರೆ. ಬರೆದ ಹಾಗೇ ಓದುವ ಇಟಾಲಿಯನ್, ಜರ್ಮನ್, ಫಿನ್ನಿಷ್ ಭಾಷೆಗಳಲ್ಲಿ ನಡೆದ ಸಂಶೋಧನೆಯಲ್ಲೂ ಇದೇ ಕಂಡಿದೆ. ಅಲ್ಲಿ ಡಿಸ್ಲೆಕ್ಸಿಯಾ ತಪ್ಪುಗಳಾಗಿ ಕಾಣುವುದಕ್ಕಿಂತ ನಿಧಾನಗತಿಯಾಗಿ ಕಾಣುತ್ತದೆ. ಕನ್ನಡದಲ್ಲಿ ಹೇಗೋ ದಾಟಿಕೊಂಡ ಮಗು ಇಂಗ್ಲಿಷ್ ಮೀಡಿಯಂಗೆ ಹೋದ ಕೂಡಲೇ ಕುಸಿಯುವುದಕ್ಕೂ ಇದೇ ಕಾರಣವಿರಬಹುದು.

ನಮ್ಮ ಹುಡುಗಿ ‘ಹಾಲು’ ಅನ್ನುವುದನ್ನು ‘ಆಲು’ ಅಂತ ಬರೆಯುತ್ತಾಳೆ. ಇದು ತೊಂದರೆಯ ಲಕ್ಷಣವಾ?

ನಿಮ್ಮ ಮನೆಯಲ್ಲಿ ಎಲ್ಲರೂ ‘ಆಲು’ ಅನ್ನುತ್ತೀರಾ? ಹಾಗಿದ್ದರೆ ಅವಳು ಕೇಳಿದ್ದನ್ನು ಸರಿಯಾಗಿಯೇ ಬರೆದಿದ್ದಾಳೆ. ಅದು ಆಡುಮಾತಿನ ರೀತಿ, ಖಾಯಿಲೆಯಲ್ಲ. ಸ, ಶ ಗೊಂದಲವೂ ಎಷ್ಟೋ ಸಲ ಹೀಗೇ.

ಮನೆಮಾತು ತುಳು, ಕೊಂಕಣಿ, ಉರ್ದು, ಲಂಬಾಣಿ ಇದ್ದ ಮಕ್ಕಳ ವಿಷಯದಲ್ಲೂ ಅಷ್ಟೇ. ಎರಡು ಮೂರು ಭಾಷೆಯ ನಡುವೆ ಬೆಳೆಯುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಶಾಲೆಯ ಭಾಷೆ ಹೊಸದು ಅಂತ ಮಗು ಕೆಲ ಕಾಲ ಹಿಂದೆ ಬೀಳಬಹುದು, ಆಮೇಲೆ ಸರಿಹೋಗುತ್ತದೆ. ತೊಂದರೆ ನಿಜವಾಗಿ ಇದ್ದರೆ ಅದು ಮಗು ಓದುವ ಎಲ್ಲ ಭಾಷೆಯಲ್ಲೂ ಒಂದಲ್ಲ ಒಂದು ರೀತಿ ಕಾಣಿಸಿಕೊಳ್ಳುತ್ತದೆ.

ಇಂಥ ಮಕ್ಕಳು ಎಷ್ಟಿರಬಹುದು? ಹುಡುಗರೇ ಜಾಸ್ತಿಯಾ?

ನಮ್ಮ ದೇಶದ ಐದು ಕಡೆ 2ರಿಂದ 9 ವರ್ಷದ ಮಕ್ಕಳನ್ನು ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕಲಿಕೆ, ಮಾತು, ಕಿವಿ, ಕಣ್ಣು, ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದೆ ಚಡಪಡಿಸುವ ತೊಂದರೆ) ಹೀಗೆ ಯಾವುದಾದರೂ ಒಂದು ತೊಂದರೆ ಇರುವವರು ಹತ್ತಿರ ಹತ್ತಿರ ಎಂಟು ಮಕ್ಕಳಲ್ಲಿ ಒಬ್ಬರು ಅಂತ ಅದರಲ್ಲಿ ಕಂಡುಬಂತು. ನಲವತ್ತು ಮಕ್ಕಳ ತರಗತಿ ಅಂದರೆ ಐದು ಮಕ್ಕಳು.

ಹುಡುಗರು ಜಾಸ್ತಿ ಅನ್ನುವ ಮಾತಿಗೆ ಸ್ವಲ್ಪ ನಿಲ್ಲಿ. 1990ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಸ್ಯಾಲಿ ಶೇವಿಟ್ಜ್ ಮತ್ತು ಜೊತೆಗಾರರು, ಶಾಲೆಗಳು ‘ಇವರಿಗೆ ಓದುವ ತೊಂದರೆ ಇದೆ’ ಅಂತ ಗುರುತಿಸಿದ ಮಕ್ಕಳನ್ನು ನೋಡಿದರು. ಹುಡುಗರೇ ಹೆಚ್ಚಿದ್ದರು. ಆಮೇಲೆ ಎಲ್ಲ ಮಕ್ಕಳನ್ನೂ ತಾವೇ ಪರೀಕ್ಷೆ ಮಾಡಿದರು. ಆಗ ಹುಡುಗ ಹುಡುಗಿಯರ ಲೆಕ್ಕ ಹೆಚ್ಚುಕಮ್ಮಿ ಸಮವಾಯಿತು. ಹುಡುಗ ಓದಲಾಗದೆ ಪಕ್ಕದವನ ಬೆನ್ನಿಗೆ ಗುದ್ದುತ್ತಾನೆ, ಕಣ್ಣಿಗೆ ಬೀಳುತ್ತಾನೆ. ಹುಡುಗಿ ತಲೆ ಬಗ್ಗಿಸಿ ಪಕ್ಕದವಳ ನೋಟ್ಸ್ ನೋಡಿ ಚೆನ್ನಾಗಿ ನಕಲು ಮಾಡುತ್ತಾಳೆ. ನೋಟ್ಸ್ ಮುದ್ದಾಗಿದೆ ಅಂತ ನಾವು ‘ಗುಡ್’ ಬರೆದು ಕಳಿಸುತ್ತೇವೆ. ಅವಳೇ ಬರೆದದ್ದನ್ನು ಅವಳ ಕೈಲಿ ಓದಿಸಿ ನೋಡಿ. ದಯವಿಟ್ಟು, ಹುಡುಗಿಯರ ಓದನ್ನು ಹೀಗೆ ನೋಡಿ.

‘ದೊಡ್ಡವನಾದ ಮೇಲೆ ಸರಿಹೋಗುತ್ತಾನೆ’ ಅಂತ ಅತ್ತೆ ಹೇಳುತ್ತಾರೆ. ಕಾಯಬಹುದಾ?

ಸಹಾಯ ಶುರು ಮಾಡಲು ಕಾಯಬೇಡಿ. ಹೆಸರಿಡಲು ಬೇಕಾದರೆ ಕಾಯಿರಿ. ಇವೆರಡೂ ಬೇರೆ.

ಕಲಿಕಾ ನ್ಯೂನತೆಯ (ಡಿಸ್ಲೆಕ್ಸಿಯಾ ಇದರಲ್ಲೇ ಬರುತ್ತದೆ) ಸರ್ಟಿಫಿಕೇಟ್ 8 ವರ್ಷ ತುಂಬಿದ ಮೇಲೆ ಮಾತ್ರ. ಅದಕ್ಕೆ ಮುಂಚೆ ಅಕ್ಷರ ಕಲಿಕೆಯೇ ಮುಗಿದಿರುವುದಿಲ್ಲವಲ್ಲ, ಹಾಗಾಗಿ ಆ ನಿಯಮ ಸರಿಯೇ. ಆದರೆ ಓದುವ ತೊಂದರೆಗೆ ಒಂದನೇ ಎರಡನೇ ಕ್ಲಾಸಿನಲ್ಲೇ ಕೊಟ್ಟ ಸಹಾಯ, ಐದಾರನೇ ಕ್ಲಾಸಿನಲ್ಲಿ ಕೊಟ್ಟದ್ದಕ್ಕಿಂತ ಹೆಚ್ಚು ಫಲ ಕೊಡುತ್ತದೆ ಅನ್ನುವುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಂಡ ಸತ್ಯ. ತಡವಾದರೆ ಆಗುವುದೇ ಇಲ್ಲ ಅಂತಲ್ಲ, ಮಗು ಅಷ್ಟರಲ್ಲಿ ‘ನನ್ನ ಕೈಲಾಗಲ್ಲ’ ಅಂತ ತೀರ್ಮಾನ ಮಾಡಿಬಿಟ್ಟಿರುತ್ತದೆ. ಅದನ್ನು ಬಿಡಿಸುವುದು ಒತ್ತಕ್ಷರ ಕಲಿಸುವುದಕ್ಕಿಂತ ಕಷ್ಟ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಇನ್ನೊಂದು ತಿರುವು ಇದೆ. ಮೂರನೇ ತರಗತಿಯವರೆಗೆ ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ. ಪ್ರತಿ ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ತಾನು ಹತ್ತುತ್ತದೆ, ಕಾರ್ಡು ಹಿಡಿದು ತನ್ನ ತಟ್ಟೆಯಲ್ಲಿ, ಅಂದರೆ ತನ್ನ ಗುಂಪಿನಲ್ಲಿ, ಕೂರುತ್ತದೆ. ಈ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಲೋಚನೆ ಇಲ್ಲ ಅಂತ ನನ್ನ ನಂಬಿಕೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ, ಒಂದೇ ದಿನ. ಡೈರಿ ಲೆಕ್ಕದ ಹುಡುಗ ಎಡವಿದ್ದು ಅಲ್ಲೇ. ಹಾಗಾಗಿ ಮೂರನೇ ಕ್ಲಾಸಿನ ಮಕ್ಕಳು ಏಣಿಯಲ್ಲಿ ಯಾವ ಮೆಟ್ಟಿಲಲ್ಲಿದ್ದಾರೆ ಅಂತ ಬೇಸಿಗೆ ರಜೆಗೆ ಮುಂಚೆಯೇ ನೋಡಿಕೊಳ್ಳಿ.

ಯಾರನ್ನು ಕೇಳಬೇಕು? ಎಲ್ಲಿಗೆ ಹೋಗಬೇಕು?

ಮೊದಲು ಶಾಲೆಯಲ್ಲೇ ಕೇಳಿ. ಪ್ರತಿ ತಾಲ್ಲೂಕಿನ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಸಂಪನ್ಮೂಲ ಶಿಕ್ಷಕರು ಇರಬೇಕು, ಬಿಐಇಆರ್‌ಟಿ ಅನ್ನುತ್ತೇವೆ. ಹಳ್ಳಿಯಲ್ಲಿದ್ದರೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಗುರುತಿನ ಚೀಟಿ, ಅರ್ಜಿ, ಆಸ್ಪತ್ರೆಯ ದಾರಿ ಎಲ್ಲ ಗೊತ್ತಿರುತ್ತದೆ. ಶಾಲೆಗೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ಡಾಕ್ಟರುಗಳ ತಂಡ ಬಂದಾಗ ಮಗುವನ್ನು ತಪ್ಪಿಸಬೇಡಿ.

ಪೂರ್ತಿ ಪರೀಕ್ಷೆಗೆ ಮಾನಸಿಕ ಆರೋಗ್ಯದ ಆಸ್ಪತ್ರೆಗಳಾದ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮಾತು ಮತ್ತು ಶ್ರವಣದ ತೊಂದರೆ ಕೂಡ ಇದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಕಲಿಕಾ ನ್ಯೂನತೆ ಪತ್ತೆಗೆ 2018ರ ಕೇಂದ್ರದ ಮಾರ್ಗಸೂಚಿ ಹೆಸರಿಸಿದ ಪರೀಕ್ಷೆಯೂ ನಿಮ್ಹಾನ್ಸ್‌ನದ್ದೇ. ಇಡೀ ದೇಶ ಬಳಸುವ ಈ ಪರೀಕ್ಷೆ ನಮ್ಮ ಊರಿನದು, ನಮ್ಮ ಮಕ್ಕಳಿಗೆ ಅದು ಸಿಗುವುದೇ ಕಷ್ಟವಾಗಬಾರದು.

ಐಕ್ಯೂ ಟೆಸ್ಟ್ ಮಾಡಿಸಬೇಕಾ? ನಂಬರ್ ಕಡಿಮೆ ಬಂದರೆ?

ಈ ಟೆಸ್ಟ್ ಹುಟ್ಟಿದ್ದು ಯಾಕೆ ಅಂತ ನೆನಪಿಟ್ಟುಕೊಂಡರೆ ಅರ್ಧ ಭಯ ಹೋಗುತ್ತದೆ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್‌ಫ್ರೆಡ್ ಬಿನೆ ಮತ್ತು ಸಿಮೋನ್ ಇದನ್ನು ಮಾಡಿದ್ದು, ಶಾಲೆಯಲ್ಲಿ ಹೆಚ್ಚಿನ ಸಹಾಯ ಬೇಕಾದ ಮಕ್ಕಳನ್ನು ಗುರುತಿಸಲು. ಮಕ್ಕಳಿಗೆ ರ್‍ಯಾಂಕ್ ಕೊಡಲು ಅಲ್ಲ. ಬುದ್ಧಿ ಅಂದರೆ ಹುಟ್ಟಿನಿಂದ ಸಾಯುವವರೆಗೆ ಒಂದೇ ಅಳತೆ ಅನ್ನುವುದನ್ನು ಬಿನೆ ಒಪ್ಪಿರಲಿಲ್ಲ.

ಕನ್ನಡಕ್ಕೂ ಇದಕ್ಕೂ ಹಳೆಯ ನಂಟಿದೆ. ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಧಾರವಾಡದ ಕಡೆಯ ಮಕ್ಕಳನ್ನು ಪರೀಕ್ಷಿಸಿ ಈ ಟೆಸ್ಟನ್ನು ಕನ್ನಡ ಮತ್ತು ಮರಾಠಿಗೆ ಒಗ್ಗಿಸಿದರು. ಇವತ್ತಿಗೂ ಎಷ್ಟೋ ಆಸ್ಪತ್ರೆಯ ಚೀಟಿಯಲ್ಲಿ ‘ಬಿಕೆಟಿ’ ಅಂತ ಕಾಣುವುದು ಇದೇ ಬಿನೆ-ಕಾಮತ್ ಟೆಸ್ಟ್.

ಜಾಣತನ, ಕಷ್ಟ ಎರಡೂ ಇರುವ ಮಕ್ಕಳ ವಿಷಯದಲ್ಲಿ ಒಟ್ಟು ನಂಬರ್ ಮೋಸ ಮಾಡುತ್ತದೆ. ಒಂದು ಭಾಗದಲ್ಲಿ ತುಂಬಾ ಮೇಲೆ, ಇನ್ನೊಂದರಲ್ಲಿ ತುಂಬಾ ಕೆಳಗೆ ಇದ್ದರೆ ಸರಾಸರಿ ‘ಸಾಧಾರಣ’ ಅಂತ ಬರುತ್ತದೆ. ರಿಪೋರ್ಟು ಕೈಗೆ ಬಂದಾಗ ಕೊನೆಯ ಸಾಲು ಮಾತ್ರ ಓದಬೇಡಿ. ಯಾವ ಭಾಗದಲ್ಲಿ ಎಷ್ಟು, ಯಾಕೆ ಅಷ್ಟು ಅಂತರ ಅಂತ ಸೈಕಾಲಜಿಸ್ಟ್ ಬಾಯಲ್ಲೇ ಹೇಳಿಸಿಕೊಳ್ಳಿ. ಅದು ನಿಮ್ಮ ಹಕ್ಕು. ಹೊರಗೆ ಎಷ್ಟೇ ಕ್ಯೂ ಇರಲಿ, ಸಂಕೋಚ ಬೇಡ.

ಒಂದು ಕಡೆ ಕೂರುವುದೇ ಇಲ್ಲ. ಎಡಿಎಚ್‌ಡಿ ಇರಬಹುದಾ?

ಇರಬಹುದು. ಆದರೆ ಮೊದಲು ತರಗತಿಯಲ್ಲಿ ನಿಮ್ಮ ಮಗುವೇ ಚಿಕ್ಕದಾ ಅಂತ ನೋಡಿ. ಅಮೆರಿಕದಲ್ಲಿ ಸೆಪ್ಟೆಂಬರ್ 1ಕ್ಕೆ ವಯಸ್ಸು ಲೆಕ್ಕ ಹಾಕುವ ರಾಜ್ಯಗಳಲ್ಲಿ, ಆಗಸ್ಟ್‌ನಲ್ಲಿ ಹುಟ್ಟಿ ತರಗತಿಗೆಲ್ಲ ಚಿಕ್ಕವರಾದ ಮಕ್ಕಳಿಗೆ, ಸೆಪ್ಟೆಂಬರ್‌ನಲ್ಲಿ ಹುಟ್ಟಿದವರಿಗಿಂತ 34% ಹೆಚ್ಚಾಗಿ ಎಡಿಎಚ್‌ಡಿ ಹೆಸರು ಬಿದ್ದಿತ್ತು. 2018ರ ಅಧ್ಯಯನ ಇದು. ಹತ್ತು ಹನ್ನೊಂದು ತಿಂಗಳು ಚಿಕ್ಕ ಮಗು ಚಿಕ್ಕ ಮಗುವಿನ ಹಾಗೇ ಆಡುತ್ತದೆ, ಅಷ್ಟೇ. ಪಾಠ ಮೊದಲೇ ಗೊತ್ತಿದ್ದು ಬೇಜಾರಾಗಿ ಚಡಪಡಿಸುವ ಮಕ್ಕಳೂ ಇದ್ದಾರೆ. ಶಾಲೆ, ಮನೆ, ಆಟ ಎಲ್ಲ ಕಡೆಯೂ ಹೀಗೇ ಇದ್ದರೆ ಡಾಕ್ಟರ್ ಹತ್ತಿರ ಹೋಗಿ.

ಕಾನೂನಿನಲ್ಲಿ ಏನಿದೆ? ಎಸ್‌ಎಸ್‌ಎಲ್‌ಸಿಗೆ ಏನಾದರೂ ಸಿಗುತ್ತದಾ?

1995ರ ಕಾನೂನಿನಲ್ಲಿ ಏಳೇ ಬಗೆಯ ಅಂಗವೈಕಲ್ಯ ಇತ್ತು, ಡಿಸ್ಲೆಕ್ಸಿಯಾ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದು 21 ಆಯಿತು, ಕಲಿಕಾ ನ್ಯೂನತೆ, ಆಟಿಸಂ ಎರಡೂ ಸೇರಿದವು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಯಾವ ಶಾಲೆಯೂ ಅಂಗವೈಕಲ್ಯದ ಕಾರಣಕ್ಕೆ ಸೀಟು ಕೊಡಲ್ಲ ಅನ್ನುವಂತಿಲ್ಲ. ನ್ಯೂನತೆ 40% ಮತ್ತು ಅದಕ್ಕಿಂತ ಹೆಚ್ಚು ಅಂತ ಸರ್ಟಿಫಿಕೇಟ್ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ.

ಪರೀಕ್ಷೆಯಲ್ಲಿ ಬರೆದುಕೊಡುವವರನ್ನು ಕೇಳಬಹುದು. ಹೆಚ್ಚಿನ ಸಮಯ ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇರಬಾರದು ಅಂತ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಆದರೆ ಕಾಗದಪತ್ರ ಓಡಾಡಲು ತಿಂಗಳುಗಟ್ಟಲೆ ಬೇಕು. ನನಗೆ ಗೊತ್ತಿರುವ ಒಬ್ಬ ಹುಡುಗಿಯ ಅರ್ಜಿ ಒಂದು ಶಾಲೆಯ ಬೀರುವಿನಲ್ಲೇ ಉಳಿದುಹೋಗಿತ್ತು. ಪರೀಕ್ಷೆ ಹತ್ತು ದಿನ ಇದೆ ಅನ್ನುವಾಗ ಸಿಕ್ಕಿತು. ಅವಳ ಅಮ್ಮ ಅಂದು ಕೂತು ಅತ್ತದ್ದನ್ನು ನಾನು ಮರೆತಿಲ್ಲ. ಒಂಬತ್ತನೇ ತರಗತಿಯಲ್ಲೇ ಅರ್ಜಿ ಕೊಡಿ, ಸ್ವೀಕರಿಸಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ.

ಇಂಥ ಮಗುವನ್ನು ಎಲ್ಲರ ಜೊತೆ ಕೂರಿಸಿದರೆ ಉಳಿದ ಮಕ್ಕಳ ಓದು ಹಾಳಾಗಲ್ವಾ?

ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಹಾಳಾಗಿದ್ದು ಕಂಡಿಲ್ಲ. ಉಳಿದ ಮಕ್ಕಳ ಓದಿಗೆ ಏನೂ ಆಗಿಲ್ಲ, ಇಲ್ಲವೇ ಸ್ವಲ್ಪ ಒಳ್ಳೆಯದೇ ಆಗಿದೆ. ಆದರೆ ಟೀಚರಿಗೆ ಸಹಾಯ ಕೊಡದೆ ಸುಮ್ನೆ ತಂದು ಕೂರಿಸುವುದು ಯಾರಿಗೂ ನ್ಯಾಯವಲ್ಲ.

ನಮ್ಮ ಮಗಳು ಪ್ರತಿ ವರ್ಷ ಫಸ್ಟ್. ಅವಳನ್ನು ಪ್ರತಿಭಾವಂತೆ ಅನ್ನಬಹುದಾ?

ಇರಬಹುದು. ಆದರೆ ಮಾರ್ಕ್ಸ್ ಒಂದರಿಂದಲೇ ಗೊತ್ತಾಗುವುದಿಲ್ಲ. ಚೆನ್ನಾಗಿ ಓದುವ ಮಗು ಪಾಠ ಕೇಳಿ ಉತ್ತರ ಹೇಳುತ್ತದೆ. ಅಸಾಧಾರಣ ಪ್ರತಿಭೆಯ ಮಗು ಪಾಠದಲ್ಲಿ ಇಲ್ಲದ ಪ್ರಶ್ನೆ ಕೇಳುತ್ತದೆ, ಒಮ್ಮೊಮ್ಮೆ ನಮಗೆ ಕಿರಿಕಿರಿ ಆಗುವಷ್ಟು.

1921ರಲ್ಲಿ ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ ಐಕ್ಯೂ ಹೆಚ್ಚಿರುವ ಸುಮಾರು 1,500 ಮಕ್ಕಳನ್ನು ಆರಿಸಿ, ಬದುಕಿನುದ್ದಕ್ಕೂ ಗಮನಿಸುವ ಕೆಲಸ ಶುರು ಮಾಡಿದರು. ಅವರಲ್ಲಿ ಎಷ್ಟೋ ಜನ ಒಳ್ಳೆಯ ಹುದ್ದೆಗೆ ಹೋದರು. ಆದರೆ ಟೆಸ್ಟ್ ಬರೆದೂ ನಂಬರ್ ಸಾಲದೆ ಆಯ್ಕೆಯಾಗದ ಇಬ್ಬರು ಹುಡುಗರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್, ಮುಂದೆ ಭೌತಶಾಸ್ತ್ರದ ನೊಬೆಲ್ ಪಡೆದರು. ಆರಿಸಿದವರಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಒಂದೇ ಜರಡಿ ಹಿಡಿದರೆ ಏನು ಕೈತಪ್ಪುತ್ತದೆ ನೋಡಿ. 1978ರಲ್ಲಿ ಜೋಸೆಫ್ ರೆಂಜುಲಿ ಹೇಳಿದ್ದು ನನಗೆ ಹೆಚ್ಚು ಒಪ್ಪಿಗೆ: ಒಳ್ಳೆಯ ಸಾಮರ್ಥ್ಯ, ಹೊಸದು ಯೋಚಿಸುವ ಗುಣ, ಹಿಡಿದ ಕೆಲಸ ಬಿಡದ ಹಟ, ಮೂರೂ ಸೇರಿದ ಕಡೆ ಪ್ರತಿಭೆ ಅರಳುತ್ತದೆ.

ನಮ್ಮಲ್ಲಿ ಬೆಂಗಳೂರಿನ ನಿಯಾಸ್, ಅಂದರೆ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಅನಿತಾ ಕುರುಪ್ ಅವರ ಮುಂದಾಳತ್ವದಲ್ಲಿ ಇಂಥ ಮಕ್ಕಳನ್ನು ಗುರುತಿಸುವ ಕೆಲಸ ಮಾಡಿದೆ. ಹೊರದೇಶದ ಟೆಸ್ಟುಗಳನ್ನು ಎತ್ತಿ ತರದೆ, ನಮ್ಮ ಮಕ್ಕಳನ್ನೇ ಗಮನಿಸಿ ದಾರಿ ಹುಡುಕುವ ಪ್ರಯತ್ನ ಅದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪ್ರತಿಭಾವಂತ ಮಕ್ಕಳ ಬಗ್ಗೆ ಬೇರೆಯಾಗಿಯೇ ಮಾತಾಡುತ್ತದೆ.

ಸರ್ಕಾರಿ ಶಾಲೆಯ ಬಡ ಮಕ್ಕಳಲ್ಲಿ ಪ್ರತಿಭೆ ಗುರುತಿಸುವುದು ಹೇಗೆ?

ಎಲ್ಲರನ್ನೂ ನೋಡಬೇಕು. ಮೇಷ್ಟ್ರು ಆರಿಸಿ ಕಳಿಸಿದವರನ್ನು ಮಾತ್ರ ಅಲ್ಲ.

ಅಮೆರಿಕದ ಫ್ಲಾರಿಡಾದ ಬ್ರೊವರ್ಡ್ ಕೌಂಟಿಯಲ್ಲಿ ಮೊದಲು ಅಪ್ಪ ಅಮ್ಮ ಇಲ್ಲವೇ ಟೀಚರ್ ಹೇಳಿದ ಮಕ್ಕಳಿಗೆ ಮಾತ್ರ ಪ್ರತಿಭೆಯ ಪರೀಕ್ಷೆ ನಡೆಯುತ್ತಿತ್ತು. 2000ದ ದಶಕದ ನಡುವೆ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಪರೀಕ್ಷೆ ಮಾಡಿಸಿದರು, ಅದೂ ಮಾತಿನ ಹಂಗು ಕಡಿಮೆ ಇರುವ ಪರೀಕ್ಷೆ. ಬಡ ಮಕ್ಕಳು, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು ಮುಂಚೆಗಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿ ಆಯ್ಕೆಯಾದರು. ಕಾರ್ಡ್ ಮತ್ತು ಜೂಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಲೆಕ್ಕ ಸಮೇತ ತೋರಿಸಿದ್ದಾರೆ. ಆ ಮಕ್ಕಳು ಒಂದು ರಾತ್ರಿಯಲ್ಲಿ ಜಾಣರಾಗಲಿಲ್ಲ. ಅಲ್ಲೇ ಇದ್ದರು, ಯಾರೂ ಹೆಸರು ಬರೆದುಕೊಂಡಿರಲಿಲ್ಲ.

ನಮ್ಮಲ್ಲಿ ನವೋದಯ ಶಾಲೆಗಳಲ್ಲಿ ಕನಿಷ್ಠ 75% ಸೀಟು ಹಳ್ಳಿ ಮಕ್ಕಳಿಗೆ. ಒಳ್ಳೆಯದೇ. ಆದರೆ ಅದಕ್ಕೂ ಅರ್ಜಿ ಹಾಕಬೇಕು, ಓದಿ ಬರೆಯುವ ಪರೀಕ್ಷೆ ದಾಟಬೇಕು. ಡೈರಿ ಲೆಕ್ಕದ ಹುಡುಗ ಆ ಬಾಗಿಲು ದಾಟುವುದು ಹೇಗೆ, ಹೇಳಿ?

ಒಂದು ಕ್ಲಾಸು ಮುಂದೆ ಹಾಕಿಸಬಹುದಾ? ಮನಸ್ಸಿಗೆ ಪೆಟ್ಟು ಬೀಳಲ್ವಾ?

ಭಯ ಎಲ್ಲರಿಗೂ ಇದೆ, ಸಂಶೋಧನೆ ಅದನ್ನು ಬೆಂಬಲಿಸಿಲ್ಲ. 1971ರಲ್ಲಿ ಜೂಲಿಯನ್ ಸ್ಟ್ಯಾನ್ಲಿ ಗಣಿತದಲ್ಲಿ ಮುಂದಿರುವ ಮಕ್ಕಳ ಅಧ್ಯಯನ ಶುರು ಮಾಡಿದರು. ಅದರಲ್ಲಿದ್ದ ಮಕ್ಕಳನ್ನು 35 ವರ್ಷ ಹಿಂಬಾಲಿಸಿ ನೋಡಿದಾಗ, ಬೇಗ ಮುಂದೆ ಹೋದದ್ದರಿಂದ ನಡುವಯಸ್ಸಿನಲ್ಲಿ ಮನಸ್ಸಿಗೆ ಹಾನಿಯಾದ ಗುರುತು ಸಿಗಲಿಲ್ಲ. ಆದರೂ ನಮ್ಮಲ್ಲಿ ವಯಸ್ಸಿನ ನಿಯಮಗಳಿವೆ. ಒಂದು ವಿಷಯದಲ್ಲಿ ಮಾತ್ರ ಮುಂದಿನ ತರಗತಿಯ ಪುಸ್ತಕ ಕೊಡುವುದು ಸುಲಭದ ದಾರಿ. ಮಗುವನ್ನೇ ಕೇಳಿ ಮಾಡಿ.

ಬಣ್ಣದ ಕನ್ನಡಕ, ಮಿಡ್‌ಬ್ರೇನ್ ಆಕ್ಟಿವೇಷನ್ ಕ್ಲಾಸು, ಇವುಗಳಿಂದ ಉಪಯೋಗ ಇದೆಯಾ?

ಇಲ್ಲ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮದಿಂದ ಡಿಸ್ಲೆಕ್ಸಿಯಾ ಸರಿಹೋಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ ಅಂತ ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘವೂ ಕಣ್ಣಿನ ಡಾಕ್ಟರುಗಳ ಸಂಘವೂ 2009ರಲ್ಲಿ ಒಟ್ಟಿಗೆ ಹೇಳಿವೆ. ಕಣ್ಣು ಕಟ್ಟಿ ಓದಿಸುವ ಮಿಡ್‌ಬ್ರೇನ್ ಕ್ಲಾಸುಗಳಲ್ಲಿ ಮಕ್ಕಳು ಪಟ್ಟಿಯ ಸಂದಿನಿಂದ, ಮೂಗಿನ ಪಕ್ಕದಿಂದ ನೋಡುತ್ತಾರೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದರ ವಿರುದ್ಧ ಬಹಳ ಕಡೆ ಹೋಗಿ ತಿಳಿಹೇಳಿದ್ದಾರೆ. ದುಡ್ಡು ಹೋಗುವುದು ಒಂದು ನಷ್ಟ. ಕಾಣುತ್ತಿದ್ದರೂ ‘ಕಾಣಲ್ಲ, ಆದರೂ ಓದಿದೆ’ ಅಂತ ಮಗು ಸುಳ್ಳು ಕಲಿಯುವುದು ಅದಕ್ಕಿಂತ ದೊಡ್ಡ ನಷ್ಟ.

ಉಪಯೋಗಕ್ಕೆ ಬರುವುದು ಬೇಸರ ತರಿಸುವಷ್ಟು ಸರಳ. ಅಕ್ಷರ ಮತ್ತು ಶಬ್ದದ ಜೋಡಣೆಯನ್ನು ಕ್ರಮವಾಗಿ, ಬಿಡಿಸಿ, ದಿನಾ ಸ್ವಲ್ಪ ಸ್ವಲ್ಪ ಕಲಿಸುವುದು. ತಪ್ಪಿದ ಕಡೆ ಮತ್ತೆ ಹೋಗುವುದು.

ನನ್ನ ತರಗತಿಯಲ್ಲಿ ನಲವತ್ತು ಮಕ್ಕಳು. ಒಬ್ಬಳೇ ಟೀಚರ್. ನಾಳೆಯಿಂದ ಏನು ಮಾಡಲಿ?

ನಿಮ್ಮ ಕಷ್ಟ ನನಗೆ ಗೊತ್ತು. ಬಿಸಿಯೂಟ, ದಾಖಲೆ, ಮೀಟಿಂಗು, ಎಲ್ಲ ಮುಗಿದ ಮೇಲೆ ಉಳಿಯುವ ಹೊತ್ತೇ ಕಡಿಮೆ. ಅದರಲ್ಲಿ ಆಗುವಷ್ಟು ಹೇಳುತ್ತೇನೆ.

ತಡವರಿಸುವ ಮಗುವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸುವುದನ್ನು ನಾಳೆಯೇ ನಿಲ್ಲಿಸಿ. ಪ್ರಶ್ನೆಯನ್ನು ನೀವು ಓದಿ, ಉತ್ತರವನ್ನು ಬಾಯಲ್ಲಿ ಹೇಳಿಸಿ. ಡೈರಿ ಲೆಕ್ಕದ ಹುಡುಗನಿಗೆ ಅವನ ಟೀಚರ್ ಮಾಡಿದ್ದು ಇಷ್ಟೇ: ಗಣಿತದ ಬಾಯಿಲೆಕ್ಕಕ್ಕೆ ಅವನನ್ನು ಮುಂದಾಳು ಮಾಡಿದರು. ಪ್ರತಿ ದಿನ ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಒತ್ತಕ್ಷರವನ್ನು ರಾಗಿ ಹಿಟ್ಟು ಹರವಿದ ತಟ್ಟೆಯಲ್ಲಿ ಬರೆಸಿ, ಬರೆಯುವಾಗಲೇ ಶಬ್ದ ಹೇಳಿಸಿದರು. ‘ತ್’ ಮುಗಿಸಿ ‘ಪ’ ಬರೆಯುವಾಗ ತುಟಿ ಮುಚ್ಚುವುದನ್ನು ಅವನೇ ಕನ್ನಡಿಯಲ್ಲಿ ನೋಡಿಕೊಂಡ. ಐದನೇ ತಿಂಗಳಿಗೆ ಚೀಟಿ ತಂದು ತೋರಿಸಿದ. ‘ಉತ್ಪಾದಕರ’ ಓದಿದ, ನಿಧಾನವಾಗಿ. ಮುಂದಿನ ‘ಸಹಕಾರ’ ಸಲೀಸು.

ಬೇಗ ಮುಗಿಸಿ ಕೂರುವ ಮಕ್ಕಳಿಗೆ ಅದೇ ಬಗೆಯ ಇನ್ನೂ ಹತ್ತು ಲೆಕ್ಕ ಕೊಡಬೇಡಿ, ಅದು ಶಿಕ್ಷೆ. ಪಾಠಕ್ಕೆ ಮುಂಚೆ ಐದು ಪ್ರಶ್ನೆ ಕೇಳಿ. ಗೊತ್ತಿದ್ದರೆ ಆ ಭಾಗ ಬಿಟ್ಟು ಬೇರೆ ಕೆಲಸ ಕೊಡಿ. ಅಮೆರಿಕದಲ್ಲಿ ರೆಂಜುಲಿಯವರ ತಂಡ ಹೀಗೆ ಮಾಡಿದಾಗ, ಹತ್ತಿರ ಹತ್ತಿರ ಅರ್ಧದಷ್ಟು ಪಾಠ ಬಿಟ್ಟರೂ ಆ ಮಕ್ಕಳ ಮಾರ್ಕ್ಸ್ ಇಳಿಯಲಿಲ್ಲ.

ಮಗುವಿಗೆ ಇದನ್ನು ಹೇಗೆ ಹೇಳುವುದು?

ಹೆಸರು ಹೇಳಿ, ಮುಚ್ಚಿಡಬೇಡಿ. ಹೆಸರಿಲ್ಲದಿದ್ದರೆ ಮಗು ತಾನೇ ಒಂದು ಹೆಸರು ಇಟ್ಟುಕೊಂಡಿರುತ್ತದೆ, ‘ದಡ್ಡ’ ಅಂತ. ‘ಓದುವ ಕೆಲಸ ನಿನಗೆ ಕಷ್ಟ, ಅದಕ್ಕೆ ಬೇರೆ ದಾರಿ ಇದೆ, ನಾವು ಜೊತೆಗಿದ್ದೇವೆ. ಲೆಕ್ಕ ನಿನಗೆ ನಮಗಿಂತ ಚೆನ್ನಾಗಿ ಬರುತ್ತದೆ’ ಅಂತ ಎರಡನ್ನೂ ಒಂದೇ ಉಸಿರಿಗೆ ಹೇಳಿ. ಅಣ್ಣ ತಮ್ಮಂದಿರ ಜೊತೆ ಹೋಲಿಸಬೇಡಿ.

ಮಗುವಿನ ಪರೀಕ್ಷೆಗೆ ಆಸ್ಪತ್ರೆಗೆ ಹೋಗುವಾಗ ಏನೇನು ತೆಗೆದುಕೊಂಡು ಹೋಗಬೇಕು?

ಆಧಾರ್, ಜನನ ಪ್ರಮಾಣಪತ್ರ, ಶಾಲೆಯಿಂದ ಒಂದು ಪತ್ರ, ಹಿಂದಿನ ಎರಡು ವರ್ಷದ ಪ್ರಗತಿ ಪತ್ರ. ಮಗುವಿನ ನೋಟ್ ಪುಸ್ತಕಗಳು, ಮುದ್ದಾಗಿ ಕಾಪಿ ಮಾಡಿದವಲ್ಲ, ತಾನೇ ಯೋಚಿಸಿ ಬರೆದವು, ಉಕ್ತಲೇಖನ ಇದ್ದರೆ ಇನ್ನೂ ಒಳ್ಳೆಯದು. ಕಣ್ಣು ಕಿವಿಯ ರಿಪೋರ್ಟು. ಜೊತೆಗೆ ಮಗು ಚೆನ್ನಾಗಿ ಮಾಡುವ ಯಾವುದಾದರೂ ಒಂದು: ಚಿತ್ರ, ಮಾಡಿದ ಗಾಡಿ, ಫೋನಿನಲ್ಲಿ ಹಿಡಿದ ಹಾಡು. ಡಾಕ್ಟರ್ ಕೇಳದಿದ್ದರೂ ತೋರಿಸಿ. ಟೆಸ್ಟು ಎರಡು ಮೂರು ಗಂಟೆ ಹಿಡಿಯಬಹುದು, ತಿಂಡಿ ಕಟ್ಟಿಕೊಂಡು ಹೋಗಿ. ಕನ್ನಡಕ ಇದ್ದರೆ ಮರೆಯದೆ ಹಾಕಿಸಿಕೊಂಡು ಹೋಗಿ.